ಕೇಪ್‌ಟೌನ್ ಸುತ್ತ ಕಾಡುಹೂವು, ತಿಮಿಂಗಿಲ ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡಲು ಯಾವಾಗ ಹೋಗಬೇಕು?
ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದೊಳಗೆ ಹೋಗಿ. ವೆಸ್ಟ್ ಕೋಸ್ಟ್ ನ್ಯಾಷನಲ್ ಪಾರ್ಕ್‌ನ ಪೋಸ್ಟ್‌ಬರ್ಗ್ ಭಾಗವನ್ನು ಹೂ ನೋಡಲು ತೆರೆಯುವುದೇ ಆ ಎರಡು ತಿಂಗಳು. ಬೆಳಗ್ಗೆ ಬೇಗ ಹೋಗಿ ಪ್ರಯೋಜನ ಇಲ್ಲ. ಡೇಸಿಗಳು ಅರಳುವುದು ಬಿಸಿಲೇರಿದ ಮೇಲೆ, ಸುಮಾರು 10.30ರ ಹೊತ್ತಿಗೆ. ಮೋಡ ಕವಿದರೆ ಮುದುಡಿಕೊಂಡೇ ಇರುತ್ತವೆ. ಅವು ಸೂರ್ಯನ ಕಡೆ ಮುಖ ಮಾಡುತ್ತವೆ, ಅಲ್ವಾ? ಬಿಸಿಲು ನಿಮ್ಮ ಬೆನ್ನಿಗಿರಲಿ. ಇಲ್ಲದಿದ್ದರೆ ಹೂವಿನ ಹಿಂಭಾಗದ ಫೋಟೋ ಸಿಗುತ್ತದೆ ಅಷ್ಟೇ!

ಹಾಗಾಗಿ ಬಿಸಿಲಿನ ದಿನ ಹೂವಿಗೆ, ಮೋಡದ ದಿನ ತಿಮಿಂಗಿಲಕ್ಕೆ, ಅಂದರೆ ಕಡಲತೀರದ ಊರು ಹರ್ಮಾನಸ್‌ಗೆ. ಅಲ್ಲಿ ಸದರ್ನ್ ರೈಟ್ ತಿಮಿಂಗಿಲಗಳು ಮರಿ ಹಾಕಲು ದಡದ ಹತ್ತಿರವೇ ಬರುತ್ತವೆ. ಬೋಟಿಗೆ ಸುಮ್ನೆ ದುಡ್ಡು ಯಾಕೆ, ಬಂಡೆಯ ಅಂಚಿನ ಕಾಲುದಾರಿಯಲ್ಲಿ ಕೂತರೆ ಸಾಕು. ಮೊದಲು ಕಾಣುವುದು ‘ವಿ’ ಆಕಾರದಲ್ಲಿ ಚಿಮ್ಮುವ ನೀರಹನಿ. ಗಾಳಿ ಜಾಸ್ತಿ, ಸ್ವೆಟರ್ ಮರೆಯಬೇಡಿ.