ಓದುಗರ ಪ್ರಶ್ನೆ: ವಂಶಾವಳಿಯಲ್ಲಿ ಅಮ್ಮ ಎಲ್ಲಿ?

ತುಳುನಾಡಿನ ಹಳೇ ಅರಸು ಮನೆತನಗಳ ವಂಶಾವಳಿ ಬಗ್ಗೆ ಪ್ರಶ್ನೆ ಇದ್ದರೆ ಕಳಿಸಿ ಅಂತ ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆ. ಆಳುಪ, ಚೌಟ, ಬಂಗ, ಅಜಿಲ, ಭೈರರಸ, ಎಲ್ಲರ ಬಗ್ಗೆಯೂ ಪತ್ರ ಬಂದಿವೆ. ಜಾಸ್ತಿ ಪತ್ರಗಳಲ್ಲಿ ಜಗಳ ಒಂದೇ: ಯಾರು ಯಾರ ಮಗ? ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಮೇಡಂ, ನಮ್ಮ ಕುಟುಂಬದವರೆಲ್ಲ ಸೇರಿ ವಂಶವೃಕ್ಷ ಬರೆಸುತ್ತಿದ್ದೇವೆ. ಮೇಲ್ಗಡೆ ಕಾರ್ಕಳದ ಭೈರರಸರು, ಕೆಳಗೆ ನಾವು ಬರಬೇಕು ಅಂತ ಹಿರಿಯರ ಆಸೆ. ಚತುರ್ಮುಖ ಬಸದಿ ಕಟ್ಟಿಸಿದ ಇಮ್ಮಡಿ ಭೈರರಸನನ್ನು ಹಿಂದಿನ ಭೈರರಸನ ಮಗ ಅಂತ ಬರೆದಿದ್ದೆವು. ದೊಡ್ಡಮ್ಮ ಎದ್ದು ನಿಂತು "ಅದು ತಪ್ಪು, ಅವನು ಮಗ ಅಲ್ಲ, ಅಳಿಯ" ಅಂದರು. ಮಾವ ಒಪ್ಪಲಿಲ್ಲ. ಇಬ್ಬರೂ ಊಟಕ್ಕೆ ಕೂರದೆ ಹೊರಟು ಹೋದರು. ಯಾರು ಸರಿ?
- ಓದುಗರೊಬ್ಬರು, ಕಾರ್ಕಳ

ನಿಮ್ಮ ದೊಡ್ಡಮ್ಮ ಸರಿ. ಅವರಿಗೆ ಇವತ್ತೇ ಫೋನ್ ಮಾಡಿ ಹೇಳಿ.

1586ರ ಚತುರ್ಮುಖ ಬಸದಿ ಶಾಸನದಲ್ಲಿ ಇದು ಬಿಡಿಸಿ ಹೇಳಿದ ಹಾಗಿದೆ. ಇಮ್ಮಡಿ ಭೈರರಸನ ತಾಯಿ ಗುಮ್ಮಟಾಂಬೆ. ಆಕೆ ಹಿಂದಿನ ಭೈರರಸನ ತಂಗಿ. ತಂದೆಯ ಹೆಸರೂ ಇದೆ, ವೀರನರಸಿಂಹ, ಬಂಗರ ಅರಸ. ಅಂದರೆ ಹುಟ್ಟಿಸಿದ ಅಪ್ಪ ಬಂಗರ ಮನೆಯವನು, ಪಟ್ಟ ಬಂದದ್ದು ಮಾತ್ರ ಅಮ್ಮನ ಕಡೆಯಿಂದ, ಸೋದರಮಾವನ ಕೈಯಿಂದ. ನಮ್ಮ ಊರಿನ ಅಳಿಯಕಟ್ಟು ಅಂದರೆ ಇದೇ ಅಲ್ವಾ? ಇಬ್ಬರ ಹೆಸರೂ ಭೈರರಸ, ಎರಡನೆಯವನಿಗೆ ಇಮ್ಮಡಿ ಅಂತ ಬೇರೆ ಇದೆ. ನೋಡಿದವರು ಅಪ್ಪ ಮಗ ಅಂದುಕೊಂಡು ಒಂದು ಗೆರೆ ಎಳೆದು ಬಿಡುತ್ತಾರೆ. ಆ ಒಂದು ಗೆರೆಯಲ್ಲಿ ಗುಮ್ಮಟಾಂಬೆ ಕಾಣೆಯಾಗುತ್ತಾಳೆ. ಆಕೆ ಇಲ್ಲದಿದ್ದರೆ ಅವನಿಗೆ ಗದ್ದುಗೆಯೇ ಇಲ್ಲ.

ಆದರೆ ನಿಮ್ಮ ಮಾವನನ್ನೂ ಸುಮ್ನೆ ತಳ್ಳಿ ಹಾಕಬೇಡಿ. ಅದೇ ಕಾರ್ಕಳದ ಗುಡ್ಡದ ಮೇಲಿನ ಬಾಹುಬಲಿ ಮೂರ್ತಿ ನಿಂತದ್ದು 1432ರಲ್ಲಿ. ನಿಲ್ಲಿಸಿದ್ದು ವೀರಪಾಂಡ್ಯ. ಅಲ್ಲಿನ ಶಾಸನ ಅವನನ್ನು ಭೈರವನ ಮಗ ಅನ್ನುತ್ತದೆ. ಒಂದೇ ಮನೆತನ, 1432ರಲ್ಲಿ ಮಗ, 1586ರಲ್ಲಿ ಅಳಿಯ. ನಡುವೆ 154 ವರ್ಷ. ಈ ಮನೆತನ ಘಟ್ಟದ ಮೇಲಿನ ಹುಂಚದ ಸಾಂತರರ ಕಡೆಯಿಂದ, ಜಿನದತ್ತನ ವಂಶ ಅಂತ ಹೇಳಿಕೊಂಡು ಬಂದದ್ದು. ಘಟ್ಟದ ಕೆಳಗೆ ಬಂದು, ಬಂಗರಂಥ ಅಳಿಯಕಟ್ಟಿನ ಮನೆಗಳ ಜೊತೆ ಕೊಟ್ಟು ತಂದು ಮಾಡುತ್ತಾ ಮಾಡುತ್ತಾ ಇಲ್ಲಿನ ಕಟ್ಟನ್ನೇ ಹಿಡಿದರು ಅಂತ ನನಗೆ ಅನ್ನಿಸುತ್ತದೆ. ಇದು ನನ್ನ ಅಭಿಪ್ರಾಯ, ವಾದಕ್ಕೆ ಜಾಗ ಇದೆ. ಯಾವ ವರ್ಷದಲ್ಲಿ ಬದಲಾಯಿತು ಅಂತ ಒಂದು ಗೆರೆ ಎಳೆಯೋಕೆ ಹೋಗಬೇಡಿ. ಒಂದೊಂದು ತಲೆಮಾರಿಗೂ ಅದರದ್ದೇ ಶಾಸನ ನೋಡಿ ಬರೆಯಿರಿ.

ಈ ತಪ್ಪು ನನ್ನಿಂದಲೂ ಆಗಿದೆ. ವೇಣೂರಿನ ಗೊಮ್ಮಟನನ್ನು 1604ರಲ್ಲಿ ನಿಲ್ಲಿಸಿದ ತಿಮ್ಮಣ್ಣಾಜಿಲನನ್ನು ಶಾಸನ ರಾಯಕುವರನ ಅಳಿಯ, ಪಾಂಡ್ಯಕ ದೇವಿಯ ಮಗ, ಪಾಂಡ್ಯನ ತಮ್ಮ ಅಂತ ಪರಿಚಯ ಮಾಡುತ್ತದೆ. ನಾನು ಕಾಲೇಜಿನಲ್ಲಿದ್ದಾಗ ಅಳಿಯ ಅಂದರೆ ಮಗಳ ಗಂಡ ಅಂದುಕೊಂಡು, ರಾಯಕುವರನಿಗೆ ಇಲ್ಲದ ಒಬ್ಬ ಮಗಳನ್ನು ಹುಟ್ಟಿಸಿ ಪಟ್ಟಿಯಲ್ಲಿ ಸೇರಿಸಿದ್ದೆ. ಕನ್ನಡದಲ್ಲಿ ಅಕ್ಕ ತಂಗಿಯರ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ಸೋದರಮಾವನ ಮಗಳನ್ನೇ ಮದುವೆಯಾದರೆ ಒಬ್ಬನೇ ಎರಡೂ ಆಗುತ್ತಾನೆ. ಹಾಗಾಗಿ ಅಳಿಯ ಅಂತ ಕಂಡ ಕೂಡಲೇ ನಿಲ್ಲಬೇಕು, ಪಕ್ಕದಲ್ಲಿ ತಾಯಿಯ ಹೆಸರು ಇದೆಯಾ ನೋಡಬೇಕು. ತಿಮ್ಮಣ್ಣಾಜಿಲನಿಗೆ ಅಮ್ಮನ ಹೆಸರಿದೆ, ಅಣ್ಣನ ಹೆಸರಿದೆ. ಯಾರ ಬಲದಿಂದ ಅವನು ಅಲ್ಲಿ ನಿಂತಿದ್ದ ಅಂತ ತಿಳಿಯೋಕೆ ಅಷ್ಟು ಸಾಕು.

ಇನ್ನು ನಿಮ್ಮ ಕುಟುಂಬವನ್ನು ಭೈರರಸರ ಕೆಳಗೆ ಜೋಡಿಸುವ ವಿಷಯ. ದಯವಿಟ್ಟು ಮೇಲಿನಿಂದ ಕೆಳಗೆ ಬರಬೇಡಿ. ನಿಮ್ಮಿಂದ ಶುರು ಮಾಡಿ. ಅಮ್ಮ, ಅಮ್ಮನ ಅಮ್ಮ, ಅವರ ಅಮ್ಮ, ಅವರ ಅಣ್ಣ ತಮ್ಮಂದಿರು, ಯಜಮಾನಿಕೆ ಯಾರ ಕೈಯಲ್ಲಿತ್ತು, ಕವರು, ಅಂದರೆ ಒಬ್ಬ ಅಮ್ಮನಿಂದ ಬಂದ ಕುಟುಂಬದ ಕವಲು, ಯಾವಾಗ ಒಡೆಯಿತು. ಮನೆಯ ಬರಿ (ತುಳುವರ ಕುಲದ ಹೆಸರು) ಯಾವುದು ಅಂತ ಬರೆದಿಡಿ, ಅದು ಅಮ್ಮನಿಂದಲೇ ಬರುವುದು. ಮೂಲಗೇಣಿ (ಕಾಯಂ ಗೇಣಿ) ಚೀಟಿ, ಪಾಲುಪಟ್ಟಿ, ಜಮೀನಿನ ಹಳೇ ಅಡಂಗಲ್ ದಾಖಲೆ ಏನು ಸಿಕ್ಕುತ್ತದೋ ಅದರ ಪ್ರತಿ ಇಟ್ಟುಕೊಳ್ಳಿ. ಕಾಗದ ಎಲ್ಲಿ ಮುಗಿಯುತ್ತದೋ ಅಲ್ಲಿ ಗೆರೆ ನಿಲ್ಲಲಿ. ಅದರ ಮೇಲೆ ಮನೆಯವರ ಹೇಳಿಕೆ ಅಂತ ಬೇರೆ ಬಣ್ಣದಲ್ಲಿ ಬರೆಯಿರಿ, ಹಿರಿಯರ ಆಸೆಯೂ ಉಳಿಯುತ್ತದೆ.

ನಮ್ಮ ಮನೆಯವರು ದುಡ್ಡು ಕೊಟ್ಟು ಒಬ್ಬರಿಂದ ವಂಶಾವಳಿ ಬರೆಸಿದ್ದಾರೆ. ಚಂದ್ರನಿಂದ ಶುರುವಾಗಿ ಮಧುರೆಯ ಪಾಂಡ್ಯರು, ಆಮೇಲೆ ಆಳುಪರು, ಆಮೇಲೆ ನಾವು. ನಡುವೆ ಒಂದೂ ಖಾಲಿ ಇಲ್ಲ. ಮುಂದಿನ ತಿಂಗಳು ಪುಸ್ತಕ ಅಚ್ಚಿಗೆ ಹೋಗುತ್ತದೆ. ನನಗೆ ಸಮಾಧಾನ ಇಲ್ಲ.
- ಓದುಗರೊಬ್ಬರು, ಮೂಡುಬಿದಿರೆ

ಖಾಲಿ ಇಲ್ಲದ್ದೇ ಅದರ ತೊಂದರೆ. ಆಳುಪರು ಪಾಂಡ್ಯ ಅನ್ನುವ ಹೆಸರು ಇಟ್ಟುಕೊಂಡದ್ದು ನಿಜ, ಚಂದ್ರವಂಶ ಅಂತ ಹೇಳಿಕೊಂಡದ್ದೂ ನಿಜ, ಅವರ ನಾಣ್ಯದಲ್ಲಿ ಜೋಡಿ ಮೀನು ಇರುವುದೂ ನಿಜ. ಅಷ್ಟರಿಂದ ಮಧುರೆಯವರ ರಕ್ತ ಸಂಬಂಧ ಅಂತ ಆಗುವುದಿಲ್ಲ. ದೊಡ್ಡ ಮನೆತನದ ಹೆಸರು, ಬಿರುದು, ಲಾಂಛನ ತೆಗೆದುಕೊಳ್ಳುವುದು ಆಗ ಎಲ್ಲ ಕಡೆ ಇತ್ತು. ಪಾಂಡ್ಯ, ಕುಲಶೇಖರ, ಬಂಕಿದೇವ ಈ ಮೂರು ಹೆಸರು ಆಳುಪರಲ್ಲಿ ಮತ್ತೆ ಮತ್ತೆ ಬರುತ್ತವೆ. ಒಬ್ಬ ಕುಲಶೇಖರನ ಕೆಲಸವನ್ನು ಇನ್ನೊಬ್ಬ ಕುಲಶೇಖರನ ತಲೆಗೆ ಕಟ್ಟಿದರೆ ಒಂದು ತಲೆಮಾರು ಮಾಯ ಆಗುತ್ತದೆ, ಇಲ್ಲವೇ ಒಂದು ಜಾಸ್ತಿ ಆಗುತ್ತದೆ.

ಉದ್ಯಾವರಕ್ಕೆ ಸಂಬಂಧಪಟ್ಟ ವೀರಗಲ್ಲುಗಳನ್ನು ನೋಡಿ. ಎಂಟನೇ ಶತಮಾನದ ಹೊತ್ತಿಗೆ ಚಿತ್ರವಾಹನ, ರಣಸಾಗರ, ಶ್ವೇತವಾಹನ ಅನ್ನುವ ಆಳುಪರ ನಡುವೆ ಗದ್ದುಗೆಗಾಗಿ ಕಾದಾಟ ಆಗಿದೆ. ಹೊಡೆದಾಡಿ ಸತ್ತ ಆಳುಗಳ ಹೆಸರನ್ನು ಕಲ್ಲಿನ ಮೇಲೆ ಕೊರೆದಿದ್ದಾರೆ. ಆದರೆ ಈ ಅರಸರು ಒಬ್ಬರಿಗೊಬ್ಬರು ಅಣ್ಣ ತಮ್ಮನಾ, ಮಾವ ಅಳಿಯನಾ, ದಾಯಾದಿಯಾ ಅನ್ನೋದು ವಿದ್ವಾಂಸರ ಊಹೆ. ಜೀವಮಾನ ಪೂರ್ತಿ ಈ ಜಿಲ್ಲೆಯ ಕಲ್ಲುಗಳನ್ನು ಹುಡುಕಿಕೊಂಡು ತಿರುಗಿದ ಗುರುರಾಜ ಭಟ್ಟರಂಥವರು ಜಾಗ್ರತೆಯಿಂದ ಕೈ ಹಾಕಿದ ಕಡೆ ನಿಮ್ಮ ಪುಸ್ತಕ ಧೈರ್ಯವಾಗಿ ಮಗ, ಮಗ, ಮಗ ಅಂತ ಬರೆದುಕೊಂಡು ಹೋಗಿದೆ ಅಂತಾದರೆ ಅದನ್ನು ಅಚ್ಚು ಹಾಕಬೇಡಿ. ಒಮ್ಮೆ ಅಚ್ಚಾದರೆ ನಿಮ್ಮ ಮೊಮ್ಮಕ್ಕಳು ಅದನ್ನೇ ಆಧಾರ ಅಂತ ತೋರಿಸುತ್ತಾರೆ. ಬರೆದವರಿಗೆ ಒಂದೇ ಮಾತು ಕೇಳಿ: ಪ್ರತಿ ಹೆಸರಿನ ಪಕ್ಕ ಯಾವ ಶಾಸನ, ಯಾವ ಊರು, ಯಾವ ವರ್ಷ ಅಂತ ಬರೆದು ಕೊಡಿ. ಅದು ಕೊಟ್ಟ ಮೇಲೆ ಅಚ್ಚಿನ ಮಾತು.

ರಾಣಿ ಅಬ್ಬಕ್ಕ ಒಬ್ಬಳಾ, ಇಬ್ಬರಾ, ಮೂವರಾ? ಶಾಲೆಯಲ್ಲಿ ಮಕ್ಕಳು ಕೇಳಿದರೆ ಏನು ಹೇಳಲಿ?
- ಶಿಕ್ಷಕಿಯೊಬ್ಬರು, ಉಳ್ಳಾಲ

ಕನಿಷ್ಠ ಇಬ್ಬರು ಅಂತ ಧೈರ್ಯವಾಗಿ ಹೇಳಿ. ಬೋರ್ಡಿನ ಮೇಲೆ ಒಂದು ಸಣ್ಣ ಲೆಕ್ಕ ಹಾಕಿಸಿ. ಪೋರ್ಚುಗೀಸರು ಉಳ್ಳಾಲದ ಮೇಲೆ ಬಿದ್ದದ್ದು 1568ರಲ್ಲಿ. ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆ ಈ ಕಡೆ ಬಂದು ಉಳ್ಳಾಲದ ರಾಣಿಯನ್ನು ಕಂಡದ್ದು 1623ರಲ್ಲಿ. ನಡುವೆ 55 ವರ್ಷ. ಯುದ್ಧದ ಹೊತ್ತಿಗೆ ರಾಣಿಗೆ 25 ಅಂತ ಇಟ್ಟುಕೊಂಡರೂ ಅವನು ನೋಡುವಾಗ 80 ಆಗಬೇಕು. ಅವನು ಕಂಡ ರಾಣಿ ಬರಿಗಾಲಲ್ಲಿ ನಡೆದುಕೊಂಡು, ತೋಡಿಸುತ್ತಿದ್ದ ಕಾಲುವೆಗಳ ಕೆಲಸ ನೋಡೋಕೆ ಹೊರಟಿದ್ದವಳು. ನನಗೆ ಆ ಚಿತ್ರ ಬಹಳ ಇಷ್ಟ. ಅರಮನೆ, ಸಿಂಹಾಸನ ಏನೂ ಇಲ್ಲ, ಗದ್ದೆ ಕಡೆ ಹೊರಟ ಯಜಮಾಂತಿ.

ಅವನು ಕೇಳಿ ಬರೆದುಕೊಂಡ ಹೆಸರು ಅಬಗ್ ದೇವಿ ಚೌತ್ರು. ಅಬ್ಬಕ್ಕ ದೇವಿ ಚೌಟ ಅನ್ನೋದು ಇಟಲಿಯವರ ಕಿವಿಗೆ ಹಾಗೆ ಕೇಳಿಸಿದೆ. ಅವಳ ಗಂಡ ಬಂಗರ ಅರಸ, ಆದರೆ ಅವಳು ಬಂಗಳಾಗಲಿಲ್ಲ, ಚೌಟಳಾಗಿಯೇ ಉಳಿದಳು. ಮನೆತನ ಅಮ್ಮನ ಕಡೆಯದ್ದು ಅನ್ನೋದಕ್ಕೆ ಇದಕ್ಕಿಂತ ಚಂದದ ಸಾಕ್ಷಿ ಮಕ್ಕಳಿಗೆ ಬೇರೆ ಬೇಕಾ? ಅಜ್ಜಿ ಹೆಸರು ಮೊಮ್ಮಗಳಿಗೆ ಇಡುವ ಊರು ನಮ್ಮದು, ಹಾಗಾಗಿ ಒಂದೇ ಹೆಸರಿನ ಇಬ್ಬರು ರಾಣಿಯರು ಬಂದದ್ದರಲ್ಲಿ ಆಶ್ಚರ್ಯ ಇಲ್ಲ. ತಾಯಿ, ಇಬ್ಬರು ಹೆಣ್ಣುಮಕ್ಕಳು, ಒಟ್ಟು ಮೂವರು ಅನ್ನುವ ವಾದವೂ ಇದೆ. ಅದನ್ನು ವಾದ ಅಂತಲೇ ಹೇಳಿ.

ಶಕ ವರ್ಷವನ್ನು ಇಸವಿಗೆ ತಿರುಗಿಸುವಾಗ 78 ಕೂಡಿಸಬೇಕಾ, 79 ಕೂಡಿಸಬೇಕಾ? ಎರಡು ಪುಸ್ತಕದಲ್ಲಿ ಎರಡು ರೀತಿ ಇದೆ.
- ಓದುಗರೊಬ್ಬರು, ಮೂಲ್ಕಿ

ತಿಂಗಳು ನೋಡಿ. ಶಕ ವರ್ಷ ಯುಗಾದಿಗೆ ಶುರು. ಚತುರ್ಮುಖ ಬಸದಿಯದ್ದು ಶಕ 1508 ವ್ಯಯ ಸಂವತ್ಸರದ ಚೈತ್ರ, 78 ಕೂಡಿಸಿ, 1586. ಕಾರ್ಕಳದ ಬಾಹುಬಲಿಯದ್ದು ಶಕ 1353 ವಿರೋಧಿಕೃತ್ ಸಂವತ್ಸರದ ಫಾಲ್ಗುಣ. ಫಾಲ್ಗುಣ ಬರುವಷ್ಟರಲ್ಲಿ ಜನವರಿ ದಾಟಿರುತ್ತದೆ, ಹಾಗಾಗಿ 79 ಕೂಡಿಸಿ, 1432. ವೇಣೂರಿನ ಶಕ 1525ಕ್ಕೂ ಹಾಗೆಯೇ, 1604.

ಮನೆಯ ಕಾಗದದಲ್ಲಿ ಶಕ ಇಲ್ಲದೆ ಬರೀ ಸಂವತ್ಸರದ ಹೆಸರು ಇದ್ದರೆ ಜಾಗ್ರತೆ. ವ್ಯಯ ಸಂವತ್ಸರ 1586ರಲ್ಲಿ ಬಂತು, 60 ವರ್ಷ ಬಿಟ್ಟು 1646ರಲ್ಲಿ ಬಂತು, ಮೊನ್ನೆ 2006ರಲ್ಲೂ ಬಂತು. ಎರಡು ತಲೆಮಾರು ಅತ್ತಿತ್ತ ಆಗೋಕೆ ಅಷ್ಟು ಸಾಕು.

ಬಾರಕೂರಿನಲ್ಲಿ ಆಳಿದ ಬಲ್ಲಮಹಾದೇವಿಯನ್ನು ವಂಶಾವಳಿಯಲ್ಲಿ ರಾಣಿ ಅಂತ ಬರೆಯಬೇಕಾ, ಅರಸ ಅಂತ ಬರೆಯಬೇಕಾ?
- ವಿದ್ಯಾರ್ಥಿಯೊಬ್ಬರು, ಬ್ರಹ್ಮಾವರ

ಅರಸರ ಸಾಲಿನಲ್ಲೇ ಬರೆಯಿರಿ. ವೀರಪಾಂಡ್ಯ ಆಳುಪನ ರಾಣಿ, ಅವನ ನಂತರ 13ನೇ ಶತಮಾನದ ಕೊನೆಯ ಭಾಗದಲ್ಲಿ ತಾನೇ ಆಳಿದವಳು. ಶಾಸನಗಳಲ್ಲಿ ಅವಳಿಗೆ ಪಾಂಡ್ಯ ಚಕ್ರವರ್ತಿ, ಪಶ್ಚಿಮ ಸಮುದ್ರಾಧಿಪತಿ ಅಂತ ಗಂಡಸು ಅರಸರ ಬಿರುದುಗಳೇ ಇವೆ. ಮಗ ದೊಡ್ಡವನಾಗುವ ತನಕ ನೋಡಿಕೊಂಡವಳು ಅಂತ ಸಣ್ಣ ಅಕ್ಷರದಲ್ಲಿ ಬರೆಯುವವರನ್ನು ಕಂಡಿದ್ದೇನೆ, ನನಗೆ ಅದು ಒಪ್ಪಿಗೆ ಇಲ್ಲ.

ನಮ್ಮ ಗುತ್ತಿನ ಮನೆ ಅಂಗಳದ ಪಕ್ಕ ಒಂದು ಬರಹದ ಕಲ್ಲು ಇದೆ. ಅಕ್ಷರ ಮಸುಕು. ಸುಣ್ಣ ತುಂಬಿಸಿ ಫೋಟೋ ತೆಗೆಯಲಾ? ಅಜ್ಜಿಗೆ ಆ ಕಲ್ಲಿನ ಬಗ್ಗೆ ಏನೋ ಗೊತ್ತಿದೆ, ಆದರೆ ಕೇಳಿದರೆ ಹೇಳುವುದಿಲ್ಲ.
- ಓದುಗರೊಬ್ಬರು, ಸುರತ್ಕಲ್

ಸುಣ್ಣ ಬೇಡ, ಎಣ್ಣೆ ಬೇಡ, ತಂತಿ ಬ್ರಷ್ ಅಂತೂ ಬೇಡವೇ ಬೇಡ. ಪಾಚಿ ಇದ್ದರೆ ನೀರು ಹಾಕಿ ಮೆತ್ತಗಿನ ಬ್ರಷ್‌ನಲ್ಲಿ ತೊಳೆಯಿರಿ, ಒಣಗಲಿ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಎದುರು ಹಿಡಿಯದೆ ಬದಿಯಿಂದ ಹಿಡಿಯಿರಿ. ಬೆಳಕು ಅಡ್ಡ ಬಿದ್ದ ಕೂಡಲೇ ಕೊರೆದ ಗೆರೆಯಲ್ಲಿ ನೆರಳು ನಿಲ್ಲುತ್ತದೆ, ಹಗಲಿನಲ್ಲಿ ಕಾಣದ ಅಕ್ಷರ ಎದ್ದು ಬರುತ್ತದೆ. ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು ಫೋಟೋ ತೆಗೆಯಿರಿ. ಪಡಿಯಚ್ಚು ತೆಗೆಯೋಕೆ ಬಲ್ಲವರೇ ಬರಬೇಕು. ಅವರು ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್‌ನಿಂದ ಬಡಿದು ಅಕ್ಷರದೊಳಗೆ ಕೂರಿಸಿ, ಒಣಗುತ್ತಾ ಬಂದಾಗ ಮೇಲಿನಿಂದ ಮಸಿ ಒತ್ತುತ್ತಾರೆ. ಅಕ್ಷರ ಬೆಳ್ಳಗೆ, ಉಳಿದದ್ದು ಕಪ್ಪಾಗಿ ಕಾಗದದಲ್ಲಿ ಬರುತ್ತದೆ. ಉಡುಪಿಯ ಎಂಜಿಎಂ ಕಾಲೇಜಿನಲ್ಲಿರುವ ಗೋವಿಂದ ಪೈ ಸಂಶೋಧನ ಕೇಂದ್ರಕ್ಕೆ ಫೋಟೋ ತೆಗೆದುಕೊಂಡು ಹೋಗಿ, ಓದುವವರು ಯಾರು ಅಂತ ಅಲ್ಲಿ ವಿಚಾರಿಸಿ.

ಇನ್ನು ಅಜ್ಜಿ. ಕಲ್ಲಿನ ಬಗ್ಗೆ ಕೇಳಬೇಡಿ. ನಿಮ್ಮ ಅಮ್ಮನ ತಾಯಿಮನೆ ಯಾವುದು, ಅಲ್ಲಿ ಚಾವಡಿಯಲ್ಲಿ ಯಾವ ದೈವ, ಕೋಲದ ದಿನ ಮೊದಲ ಪ್ರಸಾದ ಯಾರ ಕೈಗೆ ಬರುತ್ತಿತ್ತು ಅಂತ ತುಳುವಿನಲ್ಲೇ ಕೇಳಿ. ಫೋನಿನ ರೆಕಾರ್ಡರ್ ಹಾಕುವ ಮುಂಚೆ ಅವರ ಒಪ್ಪಿಗೆ ತೆಗೆದುಕೊಳ್ಳಿ. ಮಧ್ಯದಲ್ಲಿ ತಿದ್ದಬೇಡಿ, ಇಸವಿ ಕೇಳಬೇಡಿ. ಮಾತು ಮುಂದೆ ಹೋದಂತೆ ಕಲ್ಲಿನ ಹತ್ತಿರ ಅವರೇ ಬರುತ್ತಾರೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು, ಫೋಟೋಗಳ ಜೊತೆ ನನಗೂ ಒಂದು ಪ್ರತಿ ಕಳಿಸಿ. ಓದೋಕೆ ಕಾಯುತ್ತಿರುತ್ತೇನೆ.