ಅಜ್ಜಿ ಹತ್ತು ಹೆತ್ತರು, ನಿಜ

(ಹಾವೇರಿ ಜಿಲ್ಲೆಯ ನಿವೃತ್ತ ಶಿಕ್ಷಕಿಯೊಬ್ಬರ ಪತ್ರದ ಸಾರ: ‘ಬಾಣಂತಿಯರ ಸಾವಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ಜಗತ್ತಿನ ಲೆಕ್ಕವನ್ನೆಲ್ಲ ಕೊಟ್ಟಿದ್ದೀರಿ. ನನ್ನ ಅಜ್ಜಿ ಹತ್ತು ಹೆತ್ತರು, ಹತ್ತೂ ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ. ಏನೂ ಆಗಲಿಲ್ಲ. ಈಗ ಆಸ್ಪತ್ರೆಯಲ್ಲೇ ಸಾಯುತ್ತಿದ್ದಾರೆ. ಬಳ್ಳಾರಿಯಲ್ಲಿ ಆದದ್ದನ್ನು ಮರೆತಿರಾ? ಮೊಮ್ಮಗಳು ಈಗ ಏಳು ತಿಂಗಳ ಬಸುರಿ. ಎಲ್ಲಿಗೆ ಕಳಿಸಲಿ?’)

ಮಾನ್ಯರೇ,

ನಿಮ್ಮ ಅಜ್ಜಿಯ ವಿಷಯದಲ್ಲಿ ನನಗೆ ತಕರಾರಿಲ್ಲ. ಅಂಥ ಅಜ್ಜಿಯರು ಬಹುತೇಕ ಎಲ್ಲ ಮನೆಗಳಲ್ಲೂ ಇದ್ದರು. ಏಕೆ ಇದ್ದರು ಎಂಬುದಕ್ಕೆ ಶ್ರೀಲಂಕಾದ ಹಳೆಯ ದಾಖಲೆ ಉತ್ತರ ಕೊಡುತ್ತದೆ. 1930ರ ದಶಕದಲ್ಲಿ ಅಲ್ಲಿ ಲಕ್ಷ ಹೆರಿಗೆಗೆ ಎರಡು ಸಾವಿರಕ್ಕೂ ಹೆಚ್ಚು ತಾಯಂದಿರು ಸಾಯುತ್ತಿದ್ದರು. ಅಂದರೆ ನೂರರಲ್ಲಿ ತೊಂಬತ್ತೆಂಟು ಹೆರಿಗೆಗಳಲ್ಲಿ ತಾಯಿ ಬದುಕುತ್ತಿದ್ದಳು. ಆದರೆ ಅದೇ ಲೆಕ್ಕವನ್ನು ಹತ್ತು ಹೆರುವವಳಿಗೆ ಹಿಡಿಯಿರಿ: ಐದಾರು ಜನರಲ್ಲಿ ಒಬ್ಬಳು ಮನೆಗೆ ಉಳಿಯುವುದಿಲ್ಲ. ಹಾಗೆ ಹೋದವಳು ಯಾರಿಗೂ ಅಜ್ಜಿಯಾಗಿ ಕಥೆ ಹೇಳಲಿಲ್ಲ. ನಮ್ಮ ಜನಪದ ಕಥೆಗಳಲ್ಲಿ ಇಷ್ಟೊಂದು ಮಲತಾಯಂದಿರು ಎಲ್ಲಿಂದ ಬಂದರು, ಯೋಚಿಸಿ. ‘ಹೆರಿಗೆಯೆಂದರೆ ಮರುಜನ್ಮ’ ಎಂದವರೂ ಆ ಅಜ್ಜಿಯರೇ.

ಸೂಲಗಿತ್ತಿಯರನ್ನು ನಾನು ಹಳಿಯಲಾರೆ. ಪಾವಗಡ ತಾಲ್ಲೂಕಿನ ನರಸಮ್ಮನವರು ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದದ್ದು ಸುಮ್ಮನೆ ಅಲ್ಲ. ಶ್ರೀಲಂಕಾ ಗೆದ್ದದ್ದೂ ಹೆಂಗಸರ ಕೈಯ ಮೂಲಕವೇ. ತರಬೇತಾದ ಸೂಲಗಿತ್ತಿಯರನ್ನು ಸರ್ಕಾರ ಊರೂರಿಗೆ ನೇಮಿಸಿತು, ಅವರು ಬಸುರಿಯರ ಮನೆ ಬಾಗಿಲಿಗೆ ಹೋದರು. ಕೈಮೀರಿದಾಗ ಕಳಿಸಲು ಬೆನ್ನಿಗೆ ಆಸ್ಪತ್ರೆ ಇತ್ತು. 1950ರ ಹೊತ್ತಿಗೇ ಸಾವು ಲಕ್ಷ ಹೆರಿಗೆಗೆ ಐದಾರು ನೂರಕ್ಕೆ ಇಳಿಯಿತು. ದೇಶ ಆಗಲೂ ಬಡದೇಶವೇ.

ಕೈಮೀರುವುದು ಎಂದರೇನು? ತುಂಬಿದ ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಮಗು ಹುಟ್ಟಿ ಮಾಸು ಬಿದ್ದ ಜಾಗದಲ್ಲಿ ಆ ನಾಳಗಳೆಲ್ಲ ಬಾಯಿ ತೆರೆದಿರುತ್ತವೆ. ಗರ್ಭಕೋಶ ಗಟ್ಟಿಯಾಗಿ ಮುದುಡಿದರೆ ಅದರ ಸ್ನಾಯುಗಳೇ ಆ ಬಾಯಿಗಳನ್ನು ಹಿಸುಕಿ ಮುಚ್ಚುತ್ತವೆ. ಮುದುಡದಿದ್ದರೆ ತಾಯಿ ಹೋಗಲು ಒಂದೆರಡು ಗಂಟೆ ಸಾಕು. ಮೊದಲೇ ರಕ್ತಹೀನತೆ ಇದ್ದವಳಿಗೆ ಅಷ್ಟೂ ಬೇಡ. ನಂಜು, ರಕ್ತದೊತ್ತಡ ಏರಿ ಬರುವ ಫಿಟ್ಸ್, ಅಸುರಕ್ಷಿತ ಗರ್ಭಪಾತ ಇವೂ ಕೊಲ್ಲುತ್ತವೆ. ಆದರೆ ಜಗತ್ತಿನಲ್ಲಿ ಅತಿ ಹೆಚ್ಚು ತಾಯಂದಿರನ್ನು ಕೊಂಡೊಯ್ಯುವುದು ರಕ್ತಸ್ರಾವ.

ಇಲ್ಲಿ ಮೋಸ ಮಾಡುವುದು ಕಣ್ಣು. ಹೆರಿಗೆ ಕೋಣೆಯಲ್ಲಿ ರಕ್ತ ಒಂದು ಕಡೆ ನಿಲ್ಲುವುದಿಲ್ಲ. ಬಟ್ಟೆಗೆ ಹೀರಿಕೊಳ್ಳುತ್ತದೆ, ಗರ್ಭಜಲದೊಂದಿಗೆ ಬೆರೆಯುತ್ತದೆ, ನೆಲಕ್ಕೆ ಚೆಲ್ಲುತ್ತದೆ. ಪಳಗಿದ ನರ್ಸ್ ಕೂಡ ‘ಹೆಚ್ಚೇನೂ ಹೋಗಿಲ್ಲ’ ಎನ್ನುವಾಗ ಹೆಚ್ಚೇ ಹೋಗಿರುತ್ತದೆ. ಇದನ್ನು ಅಳೆದು ತೋರಿಸಿದವರಲ್ಲಿ ನಮ್ಮ ಬೆಳಗಾವಿಯವರೂ ಇದ್ದಾರೆ. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಡನೆ ಸೇರಿ 2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳ 1,620 ಹೆಂಗಸರ ಹೆರಿಗೆಗಳನ್ನು ಅಧ್ಯಯನ ಮಾಡಿದರು. ಹೆರಿಗೆ ಮಾಡಿಸಿದವರು ಹಳ್ಳಿಯ ಸಹಾಯಕ ನರ್ಸ್‌ಗಳು. ರಕ್ತ ಹಿಡಿಯಲು ತಾಯಿಯ ಅಡಿಗೆ ಒಂದು ಪ್ಲಾಸ್ಟಿಕ್ ಹಾಸು; ಅದರ ತುದಿ ಕೆಳಗಿಳಿಬಿದ್ದ ಚೀಲ, ಚೀಲದ ಮೇಲೆ ಅಳತೆಯ ಗೆರೆಗಳು. ಒಂದು ಗುಂಪಿಗೆ ಗರ್ಭಕೋಶ ಮುದುಡಿಸುವ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರು, ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಮಾತ್ರೆ. ಅತಿ ರಕ್ತಸ್ರಾವ ಶೇ 12ರಿಂದ 6.4ಕ್ಕೆ ಇಳಿಯಿತು. ಅದೇ ಕೆಲಸ ಮಾಡುವ ಆಕ್ಸಿಟೋಸಿನ್ ಚುಚ್ಚುಮದ್ದು ತಂಪಿನಲ್ಲಿರಬೇಕು, ಚುಚ್ಚುವ ಕೈ ಬೇಕು. ಈ ಮಾತ್ರೆಗೆ ಫ್ರಿಜ್ ಬೇಡ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದೇ ಉದ್ದೇಶಕ್ಕೆ ಅದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

‘ಜಗತ್ತಿನ ಲೆಕ್ಕ’ ಎಂದು ಸ್ವಲ್ಪ ಚುಚ್ಚಿದ್ದೀರಲ್ಲ, ಅದಕ್ಕೆ ಇಷ್ಟು: ಅಂಥದೇ ಅಳತೆಯ ಹಾಸನ್ನು ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಿದ್ದ ಪ್ರಯೋಗದಲ್ಲಿ ಪರೀಕ್ಷಿಸಿದರು. ಅರ್ಧ ಆಸ್ಪತ್ರೆಗಳು ಎಂದಿನಂತೆ ನಡೆದವು. ಉಳಿದವು ರಕ್ತ ಚೀಲದ ಗೆರೆ ಮುಟ್ಟಿದ್ದು ನೋಡಿದ ಕೂಡಲೇ ಹೊಟ್ಟೆ ನೀವುವುದು, ಆಕ್ಸಿಟೋಸಿನ್, ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್, ಒಳಪರೀಕ್ಷೆ ಎಲ್ಲವನ್ನೂ ಒಟ್ಟಿಗೆ ಆರಂಭಿಸಿದವು. ಒಂದು ಮಾಡಿ, ಕಾದು, ಇನ್ನೊಂದು ಮಾಡುವ ಪದ್ಧತಿ ಬಿಟ್ಟವು. 2023ರಲ್ಲಿ ಬಂದ ಫಲಿತಾಂಶ: ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯಬೇಕಾದ ಸ್ಥಿತಿ, ಸಾವು, ಇವು ಒಟ್ಟಾರೆ ಶೇ 60ರಷ್ಟು ಕಡಿಮೆ. ಇದರಲ್ಲಿ ಹೊಸ ಔಷಧ ಒಂದೂ ಇಲ್ಲ. ಇದ್ದದ್ದನ್ನು ಹೊತ್ತಿಗೆ ಸರಿಯಾಗಿ ಕೊಟ್ಟರು, ಅಷ್ಟೇ. ಆದರೂ ಅದೇ 2023ರಲ್ಲಿ ಜಗತ್ತಿನಲ್ಲಿ ಸುಮಾರು 2.6 ಲಕ್ಷ ತಾಯಂದಿರು ಸತ್ತರು. ಇದನ್ನು ವಿಧಿ ಎನ್ನಲು ನನಗೆ ನಾಲಿಗೆ ಬರುವುದಿಲ್ಲ.

ಬಳ್ಳಾರಿಯನ್ನು ಮರೆತಿಲ್ಲ. 2024ರ ನವೆಂಬರ್‌ನಲ್ಲಿ ಅಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು. ಅನುಮಾನ ಬಿದ್ದದ್ದು ಡ್ರಿಪ್‌ನಲ್ಲಿ ಕೊಟ್ಟ, ಒಂದು ಕಂಪನಿಯ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಸರ್ಕಾರ ಅದರ ಬಳಕೆ ನಿಲ್ಲಿಸಿತು. ನಿಮ್ಮ ಕೋಪ ನ್ಯಾಯವಾದದ್ದು. ಆಸ್ಪತ್ರೆಯ ಬಾಗಿಲು ದಾಟಿದರೆ ಸಾಕು ಎಂಬ ಭರವಸೆ ಸುಳ್ಳು ಎಂಬುದಕ್ಕೆ ಅಂಕಿಅಂಶವೂ ಇದೆ. ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಆದರೂ 2018–20ರ ಲೆಕ್ಕದಲ್ಲಿ ಲಕ್ಷ ಜೀವಂತ ಜನನಕ್ಕೆ ನಮ್ಮಲ್ಲಿ 69 ತಾಯಂದಿರ ಸಾವು, ಪಕ್ಕದ ಕೇರಳದಲ್ಲಿ 19. ಅಲ್ಲಿ 2004ರಿಂದ ಸ್ತ್ರೀರೋಗ ತಜ್ಞರ ಸಂಘವೇ ಮುಂದೆ ನಿಂತು ತಾಯಂದಿರ ಸಾವುಗಳನ್ನು ಹೆಸರು ಮರೆಮಾಡಿ ಪರಿಶೀಲಿಸುತ್ತಿದೆ. ಯಾರನ್ನು ಅಮಾನತು ಮಾಡಬೇಕು ಎನ್ನುವುದು ಅಲ್ಲಿಯ ಪ್ರಶ್ನೆಯಲ್ಲ, ಎಲ್ಲಿ ತಡವಾಯಿತು ಎನ್ನುವುದು. ನಮ್ಮಲ್ಲೂ ಪರಿಶೀಲನಾ ಸಮಿತಿಗಳಿವೆ. ಶಿಕ್ಷೆಯ ಭಯವಿರುವ ಕಡೆ ಕೇಸ್ ಶೀಟ್ ನಿಜ ಹೇಳುತ್ತದೆ ಎಂದು ನಾನು ನಂಬುವುದಿಲ್ಲ.

ಇನ್ನು ಮೊಮ್ಮಗಳ ವಿಷಯ. ಖಂಡಿತ ಆಸ್ಪತ್ರೆಗೇ ಕಳಿಸಿ. ಯಾವ ಆಸ್ಪತ್ರೆ ಎಂಬುದನ್ನು ಮಾತ್ರ ಹೆಸರು ನೋಡಿ, ಟೈಲ್ಸ್ ನೋಡಿ ತೀರ್ಮಾನಿಸಬೇಡಿ. ತಾಯಿ ಕಾರ್ಡ್‌ನಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ನೋಡಿ. ಹನ್ನೊಂದಕ್ಕಿಂತ ಕಡಿಮೆ ಇದ್ದರೆ ವೈದ್ಯರನ್ನು ಈಗಲೇ ಕೇಳಿ, ಒಂಬತ್ತನೇ ತಿಂಗಳಿಗೆ ಬಿಡಬೇಡಿ. ಪ್ರತಿ ಭೇಟಿಯಲ್ಲೂ ಬಿಪಿ ನೋಡಿಸಿ. ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಮುಖ ಊದಿಕೊಂಡರೆ ಬಸುರಿಯಲ್ಲಿ ಇದೆಲ್ಲ ಮಾಮೂಲು ಎಂದು ಮನೆಯಲ್ಲಿ ಯಾರಿಗೂ ಹೇಳಲು ಬಿಡಬೇಡಿ, ನೀವೂ ಹೇಳಬೇಡಿ. ಆಸ್ಪತ್ರೆಯಲ್ಲಿ ಮೂರು ಮಾತು ಕೇಳಿ: ರಾತ್ರಿ ಎರಡಕ್ಕೆ ಸಿಸೇರಿಯನ್ ಮಾಡುವವರು ಇರುತ್ತಾರೆಯೇ, ಅವಳ ಗುಂಪಿನ ರಕ್ತ ಎಲ್ಲಿಂದ ಎಷ್ಟು ಹೊತ್ತಿಗೆ ಬರುತ್ತದೆ, ಹೆರಿಗೆಯಾದ ಮೇಲೆ ಹೋದ ರಕ್ತವನ್ನು ಹೇಗೆ ಅಳೆಯುತ್ತೀರಿ. ಮೂರನೆಯದಕ್ಕೆ ನರ್ಸ್ ಅಳತೆಯ ಹಾಸು ತೋರಿಸಿದರೆ ಒಳ್ಳೆಯದು. ‘ನೋಡಿದರೆ ಗೊತ್ತಾಗುತ್ತದೆ’ ಎಂದರೆ ಜಗಳಕ್ಕೆ ಹೋಗದೆ ಮೇಲಿನ ವೈದ್ಯರಿಗೆ ಒಂದು ಅರ್ಜಿ ಬರೆಯಿರಿ. ಶಿಕ್ಷಕಿಯ ಅಕ್ಷರಕ್ಕೆ ಕಚೇರಿಗಳಲ್ಲಿ ಇನ್ನೂ ಸ್ವಲ್ಪ ಬೆಲೆಯಿದೆ. ಅದರ ಪ್ರತಿಯನ್ನು ನಮಗೂ ಕಳಿಸಿ, ಉತ್ತರ ಬಂದರೆ ಅಚ್ಚು ಹಾಕುತ್ತೇವೆ.

– ಸಂ.