ಡ್ರಮ್ಮರ್‌ಗೆ ಸ್ವಲ್ಪ ರಜೆ ಕೊಡಿ

ಪ್ರಶ್ನೆ: ನಾವು ಮೂವರು ಸೇರಿ ಎಲ್ವಿಸ್, ಕಾರ್ಲ್ ಪರ್ಕಿನ್ಸ್ ಕಾಲದ ರಾಕಬಿಲಿ (ರಾಕ್ ಅಂಡ್ ರೋಲ್ ಮತ್ತು ಕಂಟ್ರಿ ಸಂಗೀತ ಬೆರೆತ) ಹಾಡುಗಳನ್ನು ನುಡಿಸುತ್ತೇವೆ. ನಮ್ಮಲ್ಲಿರುವುದು ಎಲೆಕ್ಟ್ರಿಕ್ ಗಿಟಾರ್, ಎಲೆಕ್ಟ್ರಿಕ್ ಬೇಸ್, ಡ್ರಮ್ಸ್. ಸ್ವರ ತಪ್ಪುವುದಿಲ್ಲ, ತಾಳ ತಪ್ಪುವುದಿಲ್ಲ. ಆದರೂ ಆ ರೆಕಾರ್ಡುಗಳ ಕಳೆ ಬರುವುದಿಲ್ಲ. ಎಪ್ಪತ್ತು ವರ್ಷ ಹಳೆಯ ಈ ಹಾಡುಗಳಲ್ಲಿ ಅಂಥದ್ದೇನಿದೆ?
– ಓದುಗರೊಬ್ಬರು, ಮೈಸೂರು

ಸಂಪಾದಕರ ಉತ್ತರ: ಮೊದಲು ನಿಮ್ಮ ಡ್ರಮ್ಮರನ್ನು ಒಂದು ವಾರ ಸುಮ್ಮನೆ ಕೂರಿಸಿ. 1954ರ ಜುಲೈ 5ರಂದು ಅಮೆರಿಕದ ಮೆಂಫಿಸ್‌ನಲ್ಲಿ ಸನ್ ರೆಕಾರ್ಡ್ಸ್ ಒಡೆಯ ಸ್ಯಾಮ್ ಫಿಲಿಪ್ಸ್ ಎಲ್ವಿಸ್‌ರ ‘ದಟ್ಸ್ ಆಲ್ ರೈಟ್’ ಧ್ವನಿಮುದ್ರಿಸಿಕೊಂಡಾಗ ಡ್ರಮ್ಸ್ ಇರಲೇ ಇಲ್ಲ. ಎಲ್ವಿಸ್ ಕೈಯಲ್ಲಿ ಅಕೌಸ್ಟಿಕ್ ಗಿಟಾರ್, ಸ್ಕಾಟಿ ಮೂರ್ ಬಳಿ ಎಲೆಕ್ಟ್ರಿಕ್ ಗಿಟಾರ್, ಬಿಲ್ ಬ್ಲ್ಯಾಕ್ ಬಳಿ ನಿಂತು ನುಡಿಸುವ ದೊಡ್ಡ ಬೇಸ್. ಇಷ್ಟೇ. ಎರಡು ನಿಮಿಷವೂ ತುಂಬದ ಆ ಹಾಡಿನಲ್ಲಿ ಒಬ್ಬೊಬ್ಬರೂ ಇಬ್ಬರ ಕೆಲಸ ಮಾಡುತ್ತಾರೆ. ನಮ್ಮ ಪ್ರಕಾರ ಈ ಹಾಡುಗಳು ಇನ್ನೂ ಹಳಸದಿರುವುದಕ್ಕೆ ಮುಖ್ಯ ಕಾರಣ ಇದೇ.

ಬಿಲ್ ಬ್ಲ್ಯಾಕ್ ಬೇಸನ್ನೇ ಡ್ರಮ್ ಮಾಡಿಕೊಂಡಿದ್ದರು. ಬೆರಳನ್ನು ತಂತಿಯ ಕೆಳಗೆ ಕೊಕ್ಕೆಯಂತೆ ಸಿಕ್ಕಿಸಿ, ಹೊರಕ್ಕೆಳೆದು ಬಿಟ್ಟರೆ ಸ್ವರದ ಜೊತೆಗೇ ತಂತಿ ಹಲಗೆಗೆ ಬಡಿದು ‘ಟಕ್’ ಎನ್ನುತ್ತದೆ. ಒಂದು ಮತ್ತು ಮೂರನೇ ಪೆಟ್ಟಿಗೆ ಹೀಗೆ ಸ್ವರ, ಎರಡು ಮತ್ತು ನಾಲ್ಕಕ್ಕೆ ಅಂಗೈಯಿಂದ ತಂತಿಗಳ ಮೇಲೆ ಬರೀ ಹೊಡೆತ. ಇದು ಪಾಠದ ಮೊದಲ ಮೆಟ್ಟಿಲು. ಸ್ವರದ ಹಿಂದೆ ಎರಡು ಹೊಡೆತ ಬಂದರೆ ಕುದುರೆ ಓಟದ ನಡೆ. ಎಲೆಕ್ಟ್ರಿಕ್ ಬೇಸ್‌ನಲ್ಲಿ ಇದು ಬರುವುದಿಲ್ಲ. ಹೆಬ್ಬೆರಳಿನಿಂದ ಬಡಿಯುವ ಫಂಕ್ ಶೈಲಿ ಬೇರೆಯದೇ, ಅದನ್ನು ಇಲ್ಲಿ ತರಬೇಡಿ. ದೊಡ್ಡ ಬೇಸ್ ಎರವಲು ಸಿಕ್ಕಿದರೆ ತಂತಿ ಯಾವುದೆಂದು ನೋಡಿ. ಉಕ್ಕಿನ ತಂತಿಯ ಬಿಗಿ ಹೆಚ್ಚು, ಸದ್ದೂ ತೆಳು, ಬೆರಳಲ್ಲಿ ಬೊಬ್ಬೆ ಏಳುವುದು ಖಂಡಿತ. ಕರುಳಿನ ತಂತಿ ಅಥವಾ ಅದನ್ನು ಹೋಲುವ ನೈಲಾನ್ ತಂತಿ ಹಾಕಿಸಿ. ಸಿಗದಿದ್ದರೆ ಈಗಿನ ಬೇಸ್‌ಗೆ ನುಣುಪು ಸುತ್ತಿನ ತಂತಿ ಹಾಕಿ, ಬ್ರಿಡ್ಜ್ (ತಂತಿಗಳನ್ನು ಎತ್ತಿಹಿಡಿಯುವ ಪಟ್ಟಿ) ಹತ್ತಿರ ತಂತಿಗಳ ಕೆಳಗೆ ಒಂದು ತುಂಡು ಸ್ಪಂಜು ಸಿಕ್ಕಿಸಿ. ಸ್ವರ ಎಳೆಯದೆ ‘ದುಂ’ ಎಂದು ನಿಲ್ಲುತ್ತದೆ. ಷಡ್ಜ, ಪಂಚಮ ಎರಡೇ ಸಾಕು.

ಆಗ ‘ಟಕ್’ ಎಲ್ಲಿಂದ? ‘ಐ ವಾಕ್ ದ ಲೈನ್’ ಹಾಡಿಗೆ 1956ರಲ್ಲಿ ಜಾನಿ ಕ್ಯಾಶ್ ಮಾಡಿದ್ದನ್ನೇ ಮಾಡಿ: ಅಕೌಸ್ಟಿಕ್ ಗಿಟಾರ್‌ನ ತಂತಿಗಳ ನಡುವೆ ಒಂದು ಕಾಗದವನ್ನು ಮೇಲೆ-ಕೆಳಗೆ ಹೆಣೆದು ಸಿಕ್ಕಿಸಿದರೆ ಸ್ನೇರ್ ಡ್ರಮ್ಮಿನಂಥ (ತಳದಲ್ಲಿ ತಂತಿ ಕಟ್ಟಿದ, ಚರ್ರೆನ್ನುವ ಚಿಕ್ಕ ಡ್ರಮ್) ಸದ್ದು. ಮೆತ್ತಗಿನ ಕಾಗದ ಬೇಡ, ಕುಗ್ಗುತ್ತದೆ. ನೋಟಿನಷ್ಟು ಗಟ್ಟಿ ಇರಲಿ. ವಾರ ಕಳೆದ ಮೇಲೆ ಡ್ರಮ್ಮರನ್ನು ಕರೆಯಿರಿ. ಸ್ನೇರ್ ಒಂದೇ, ಕೋಲಿನ ಬದಲು ಬ್ರಷ್.

ಇನ್ನು ಪ್ರತಿಧ್ವನಿ. ಹೆಚ್ಚಿನವರು ಎಡವುವುದು ಇಲ್ಲೇ. ಫಿಲಿಪ್ಸ್ ಎರಡನೇ ಟೇಪ್ ಯಂತ್ರಕ್ಕೂ ಧ್ವನಿ ಕೊಟ್ಟು, ಅದು ಓದಿ ಹೇಳಿದ್ದನ್ನು ಮತ್ತೆ ಮೂಲಕ್ಕೆ ಬೆರೆಸುತ್ತಿದ್ದರು. ಟೇಪು ಬರೆಯುವ ಹೆಡ್ ದಾಟಿ ಓದುವ ಹೆಡ್ ತಲುಪುವಷ್ಟು ಹೊತ್ತೇ ಆ ವಿಳಂಬ. ಎರಡರ ನಡುವೆ ಸುಮಾರು 2 ಇಂಚು, ಟೇಪಿನ ವೇಗ ಸೆಕೆಂಡಿಗೆ 15 ಇಂಚು ಎಂದುಕೊಂಡರೆ ಸುಮಾರು 133 ಮಿಲಿಸೆಕೆಂಡ್. ಪ್ರತಿಧ್ವನಿ ತರುವ ನಿಮ್ಮ ಡಿಲೇ ಪೆಡಲ್ಲನ್ನು 120ರಿಂದ 140ರೊಳಗೆ ಇಡಿ. ಮರುಕಳಿಕೆ ಒಂದೇ ಸಲ, ಪ್ರಮಾಣ ಮೂಲದ ಮೂರನೇ ಒಂದು ಭಾಗ. ಎರಡು-ಮೂರು ಸಲ ಮರುಕಳಿಸಿದರೆ ಗುಹೆಯೊಳಗೆ ಹಾಡಿದಂತಾಗಿ ಲಯದ ಅಂಚು ಮಸುಕಾಗುತ್ತದೆ. ಡಿಜಿಟಲ್ ಪೆಡಲ್ ಆದರೆ ಮರುಧ್ವನಿಯ ಟ್ರೆಬಲ್ ತಗ್ಗಿಸಿ. ಟೇಪಿಗೆ ಅಷ್ಟು ಹೊಳಪಿರಲಿಲ್ಲ.

ಗಿಟಾರಿಗೆ ಡಿಸ್ಟಾರ್ಷನ್ ಪೆಡಲ್ ಬೇಡ. ಹೆಬ್ಬೆರಳಿಗೆ ಪಿಕ್ ತೊಟ್ಟು ಅದರಿಂದ ಮಂದ್ರದ ನಡೆ, ಉಳಿದ ಬೆರಳುಗಳಿಂದ ಮೇಲಿನ ಸ್ವರ. ಮೂರನೇ ತಂತಿಗೂ ಲೋಹದ ಎಳೆ ಸುತ್ತಿರುವ ದಪ್ಪ ಸೆಟ್ ಹಾಕಿ.

ನಿಲುಗಡೆಗಳನ್ನು ಮಾತ್ರ ಕಿವಿಗೊಟ್ಟು ಕೇಳಿ. ಪರ್ಕಿನ್ಸ್ 1955ರ ಡಿಸೆಂಬರ್‌ನಲ್ಲಿ ಮುದ್ರಿಸಿದ ‘ಬ್ಲೂ ಸ್ವೇಡ್ ಶೂಸ್’ ಆರಂಭದಲ್ಲಿ ಸಾಲು ಮುಗಿದೊಡನೆ ವಾದ್ಯ ಎರಡು ಪೆಟ್ಟು ಕೊಟ್ಟು ಕಾಯುತ್ತದೆ. ಎಲ್ವಿಸ್ ಹಾಡಿದ್ದರಲ್ಲಿ ಆ ಬಿಡುವು ಕಡಿಮೆ, ಓಟ ಹೆಚ್ಚು. ನಮಗೆ ಪರ್ಕಿನ್ಸ್‌ನದೇ ಇಷ್ಟ. ಅಲ್ಲಿ ಡ್ರಮ್ಮರ್ ಕೈ ತುರಿಸಿ ಒಂದು ಉರುಳಿಕೆ ಹಾಕಿದರೆ ಹಾಡು ಕೆಟ್ಟಿತು.

ಇವು ಕಲಿಯುವವರ ಕೈಗೆ ಸುಲಭವಾಗಿ ಸಿಗುವುದೂ ಬಾಳಿಕೆಗೆ ಒಂದು ಕಾರಣ. ಬಹುತೇಕ ಮೂರು ಕಾರ್ಡ್, ಹನ್ನೆರಡು ಬಾರ್ (ತಾಳದ ಆವರ್ತ). 1957ರಲ್ಲಿ ಲಿವರ್‌ಪೂಲ್‌ನಲ್ಲಿ ಪಾಲ್ ಮ್ಯಾಕಾರ್ಟ್ನಿ ಮೊದಲ ಭೇಟಿಯಲ್ಲೇ ಜಾನ್ ಲೆನನ್‌ಗೆ ನುಡಿಸಿ ತೋರಿಸಿದ್ದು ಎಡ್ಡಿ ಕಾಕ್ರನ್‌ರ ‘ಟ್ವೆಂಟಿ ಫ್ಲೈಟ್ ರಾಕ್’. 1980ರ ಹೊತ್ತಿಗೆ ಸ್ಟ್ರೇ ಕ್ಯಾಟ್ಸ್ ಎಂಬ ರಾಕಬಿಲಿ ತಂಡ ಬಂದಾಗಲೂ ಗಿಟಾರ್, ದೊಡ್ಡ ಬೇಸ್ ಮತ್ತು ನಿಂತು ಬಾರಿಸುವ ಪುಟ್ಟ ಡ್ರಮ್ ಸೆಟ್, ಅಷ್ಟೇ.

ಅಭ್ಯಾಸಕ್ಕೆ ‘ಬ್ಲೂ ಮೂನ್ ಆಫ್ ಕೆಂಟಕಿ’ ತೆಗೆದುಕೊಳ್ಳಿ. ಬಿಲ್ ಮನ್ರೋ ಅದನ್ನು ಮೂರರ ನಡೆಯಲ್ಲಿ ನಿಧಾನವಾಗಿ ಹಾಡಿದ್ದರು. ಎಲ್ವಿಸ್ ತಂಡ ನಾಲ್ಕಕ್ಕೆ ತಿರುಗಿಸಿ ಓಡಿಸಿತು. ಎರಡನ್ನೂ ಬೆನ್ನುಬೆನ್ನಿಗೆ ನುಡಿಸಿ. ಒಂದೇ ಕೋಣೆ, ಒಂದೇ ಮೈಕ್ ಇಟ್ಟು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಬೇಸ್ ಕೇಳದಿದ್ದರೆ ಬಟನ್ ತಿರುಗಿಸಬೇಡಿ. ಬೇಸ್‌ನವರೇ ಮೈಕಿನತ್ತ ಎರಡು ಹೆಜ್ಜೆ ಬರಲಿ, ಹಾಡುವವರು ಒಂದು ಹೆಜ್ಜೆ ಹಿಂದೆ ಸರಿಯಲಿ.